ಪಟ್ಟದ ಗೊಂಬೆ ಕೆಳಗಿನ ಟಿವಿ

21 ಸೆಪ್ಟೆಂಬರ್, ಭಾನುವಾರ

ಬೆಳಗ್ಗೆಯಿಂದ ಅಂಗಡೀಲಿ ಎಂಟು ಗಂಟೆ ಓಡ್ಸಿದ್ವಿ. ಪಿಕ್ಚರ್ ಅಲ್ಲಾಡ್ಲಿಲ್ಲ. ಶಾರದಮ್ಮನ ನಲವತ್ತು ವರ್ಷದ ಶಟರ್ ಟಿವಿ, ಮುಂದೆ ಬಾಗ್ಲಿರೋದು, ಬ್ಲಾಕ್ ಅಂಡ್ ವೈಟ್. ಕೆಪಾಸಿಟರ್ ಎಲ್ಲಾ ಹೊಸಾವು ಹಾಕಿದೀನಿ. ದಪ್ಪದ್ದು ಒಂದು ಮಾತ್ರ ಹಳೇದೇ, ಎಲ್ಲೂ ಸಿಗ್ಲಿಲ್ಲ. ಸಂಜೆ ವಿಜಯನಗರಕ್ಕೆ ಆಟೋದಲ್ಲಿ ತಗೊಂಡೋಗಿ ಅವ್ರ ಮನೇಲಿ ಇಳಿಸ್ದೆ. ನಾಳೆ ಗೊಂಬೆ ಕೂರಿಸ್ತಾರೆ, ಅದರ ಜೊತೆ ಇದೂ. ಹಳೇ ಜಂಬೂ ಸವಾರಿ ವಿಡಿಯೋ ಹಾಕ್ತಾರಂತೆ. ಓನರ್ ರಾಜಣ್ಣ ಮೊದಲ್ನೇ ಸಲ ಚೆನ್ನಾಗ್ ಮಾಡಿದೀಯ ಅಂದ್ರು. ನಂಗೆ ಇದು ನಾಕನೇ ರಿಪೇರಿ ಅಂಗಡಿ. ಎಲ್ಲೂ ಆರ್ ತಿಂಗ್ಳು ನಿಂತಿಲ್ಲ. ಇಲ್ಲಾದ್ರೂ ನಿಲ್ಬೇಕು.

22, ಸೋಮವಾರ, ಸಂಜೆ 7

ಶರ್ಟ್ ಜೇಬಲ್ಲಿ ಫ್ಯೂಸ್ ಸಿಕ್ತು. ಹೊಸಾದು.

ಶನಿವಾರ ಎರಡು ಫ್ಯೂಸ್ ಹೋಗಿತ್ತು. ಟೆಸ್ಟಿಗೆ ಅಂತ ಆ ಜಾಗಕ್ಕೆ ತಾಮ್ರದ ತಂತಿ ಸುತ್ತಿದ್ದೆ. ಟಿವಿ ಓಡ್ತು. ಖುಷೀಲಿ ಹಿಂದಿನ ಕವರ್ ಮುಚ್ಬುಟ್ಟೆ. ತಂತಿ ಒಳಗೇ ಐತೆ. ಏನಾದ್ರೂ ಶಾರ್ಟ್ ಆದ್ರೆ ಕರೆಂಟ್ ಕಟ್ ಆಗಲ್ಲ... ಬೆಂಕಿ ಹತ್ಕೋತದೆ.

ಫ್ಯೂಸ್ ಜಾಗಕ್ಕೆ ತಂತಿ ಹಾಕ್ದೋನು ಮಾರನೇ ದಿನ ಅಂಗಡಿಗೆ ಬರಂಗಿಲ್ಲ — ನಾನ್ ಸೇರಿದ ದಿನಾನೇ ರಾಜಣ್ಣ ಹೇಳಿದ್ದು.

23, ಮಂಗಳವಾರ

ಚೆಕ್ ಮಾಡೋಕೆ ಬಂದೆ ಅಂತ ಹೋದೆ. ನೋಡಿದ್ರೆ ಟಿವಿ ಮೇಲೆ ರೇಷ್ಮೆ ಬಟ್ಟೆ, ಅದರ ಮೇಲೆ ಪಟ್ಟದ ಗೊಂಬೆ. ರಾಜ, ರಾಣಿ. ಹಿಂದೆ ಗೋಡೆ. ಗೊಂಬೆ ಇಳಿಸ್ದೇನೇ ಕವರ್ ಬಿಚ್ಚೋಕಾಗಲ್ಲ. ಒಂದ್ನಿಮಿಷ ಇಳಿಸ್ಲಾ ಅಂದೆ. ಪೂಜೆ ಮಾಡಿ ಕೂರಿಸಿದ್ಮೇಲೆ ವಿಜಯದಶಮಿ ರಾತ್ರಿವರ್ಗೂ ಕದಲಿಸಂಗಿಲ್ಲ ಅಂದ್ರು ಶಾರದಮ್ಮ. ಸೊಸೆ ಲಹರಿ ನಕ್ಕೊಂಡು, "ರಾಜನ್ನೇ ಇಳಿಸೋಕೆ ನೀನೇನಪ್ಪ ದಿವಾನನಾ?" ಅಂದ್ರು.

ಬೊಂಬೆ ಬಾಗಿನ ಅಂತ ಕೋಡುಬಳೆ ಕೊಟ್ರು. ಜೇಬಿಗೆ ಹಾಕೊಂಡು ಬಂದೆ. ವಿಜಯದಶಮಿ ಅಕ್ಟೋಬರ್ ಎರಡಕ್ಕೆ.

25, ಗುರುವಾರ

ಶಾರದಮ್ಮನ ಫೋನ್. ಅರ್ಧ ಗಂಟೆ ಆಗ್ತಿದ್ದಂಗೆ ಪಿಕ್ಚರ್ ಎರಡೂ ಕಡೆಯಿಂದ ಕುಗ್ತದಂತೆ. ಆನೆ ಬಡಕಲಾಗೋಗ್ತದಂತೆ. ಗೊತ್ತಾಯ್ತು — ಆ ಹಳೇ ದಪ್ಪ ಕೆಪಾಸಿಟರ್. ಬಿಸಿಯಾಗಿ ಕರೆಂಟ್ ಎಳೀತೈತೆ. ಅದಕ್ಕೇ ಫ್ಯೂಸ್ ಹೋಗ್ತಿದ್ದಿದ್ದು.

ಹೇಳ್ಲಿಲ್ಲ. ವೋಲ್ಟೇಜ್ ಕಮ್ಮಿ ಇರ್ಬೇಕಮ್ಮ, ಹಬ್ಬ ಮುಗಿಯೋವರ್ಗೂ ಆನ್ ಮಾಡ್ಬೇಡಿ ಅಂದೆ.

26, ಶುಕ್ರವಾರ

ಶಾರದಮ್ಮ ರಾಜಣ್ಣಂಗೇ ಫೋನ್ ಮಾಡವ್ರೆ. ರಾಜಣ್ಣ ಹೋಗಿ ಸ್ಟೆಬಿಲೈಜರ್ ಇಟ್ಟು ಬಂದವ್ರೆ. "ಇನ್ನೇನ್ ಭಯ ಇಲ್ಲ, ದಿನಪೂರ್ತಿ ಓಡ್ಸಿ ಅಂತ ಹೇಳ್ಬಂದೆ ಕಣೋ" ಅಂದ್ರು.

ನನ್ನ ಸುಳ್ಳಿಂದ ಇನ್ನೂ ಜಾಸ್ತಿ ಹೊತ್ತು ಓಡ್ತೈತೆ.

28, ಭಾನುವಾರ

ಸಂಜೆ ಶಾರದಮ್ಮನ ಬೀದೀಲಿ ಬೈಕ್ ನಿಲ್ಸಿ ನೋಡ್ತಾ ನಿಂತೆ, ಹೊಗೆ ಏನಾದ್ರೂ ಅಂತ. ಗೊಂಬೆ ನೋಡೋಕೆ ಮಕ್ಳು ಹೋಗ್ತಾವೆ, ಕೋಡುಬಳೆ ಹಿಡ್ಕೊಂಡು ಬರ್ತಾವೆ. ಎಣಿಸ್ದೆ. ಹೋಗಿದ್ದು ಹನ್ನೊಂದು. ಬಂದಿದ್ದು ಹತ್ತು. ಕೊನೇದು ಚಪ್ಪಲಿ ಹಾಕೊಂಡು ಈಚೆ ಬರೋವರ್ಗೂ ಬೈಕ್ ಹತ್ಲಿಲ್ಲ.

29, ಸೋಮವಾರ, ಸಂಜೆ 5.30

ಅವ್ರ ಗೇಟ್ ಪಕ್ಕ ಕಟ್ಟೆ ಮೇಲೆ ಕೂತಿದೀನಿ. ಸುಮ್ನೆ ಕೂರೋಕಾಗ್ತಿಲ್ಲ, ಬರೀತಿದೀನಿ.

ಇವತ್ತು ಬೀದೀಲಿ ನಿಲ್ಲೋಕಾಗ್ಲಿಲ್ಲ, ಒಳಗೇ ಹೋದೆ. ಟಿವಿ ಮುಂದೆ ಆರೇಳು ಮಕ್ಳು. ಟಿವಿ ಸೈಡಿಗೆ ಕೈ ಇಟ್ಟೆ — ಸುಡ್ತಿತ್ತು. ಟಾರು ಕರಗಿದ ವಾಸನೆ. ಪ್ಲಗ್ ಕಿತ್ತೆ. ಎಲ್ಲಾ ಹೇಳ್ಬುಟ್ಟೆ. ತಂತಿ, ಫ್ಯೂಸು, ವೋಲ್ಟೇಜ್ ಅಂದ ಸುಳ್ಳು.

ಶಾರದಮ್ಮ ಬೈಲಿಲ್ಲ. ಮಕ್ಳನ್ನ ಮೊದ್ಲು ಹೊರಗೆ ಕಳ್ಸಿದ್ರು. ಆಮೇಲೆ, "ಇದನ್ನ ನಮ್ಮನೇಲಿಟ್ಟು ನಿಂಗೆ ನಿದ್ದೆ ಬಂತೇನಪ್ಪ?" ಅಂದ್ರು.

ಇಲ್ಲ ಅಮ್ಮ ಅಂದೆ.

ಕೈಕಾಲು ತೊಳ್ಕೊಂಡು ಬಂದು, ಅಕ್ಷತೆ ಹಾಕಿ, ಅವ್ರೇ ಗೊಂಬೆ ಎತ್ತಿದ್ರು. ಮದ್ವೆಯಾಗಿ ಬಂದಾಗಿಂದ ಹಬ್ಬದ ಮಧ್ಯ ಮುಟ್ಟಿಲ್ವಂತೆ. ರಾಣಿ ಗೊಂಬೆ ಕೈಯಿಂದ ಜಾರ್ತು. ಲಹರಿ ಹಿಡ್ಕೊಂಡ್ರು.

ತಂತಿ ಕಿತ್ತು ಫ್ಯೂಸ್ ಹಾಕ್ದೆ. ಆನ್ ಮಾಡ್ದೆ. ಟಪ್. ಫ್ಯೂಸ್ ಒಂದು ಸೆಕೆಂಡ್ ತಡೀಲಿಲ್ಲ, ಹೋಯ್ತು. ಎಂಟು ದಿನ ಇದೇ ಮನೇಲಿ...

ಲಹರಿ ರಾಜಣ್ಣಂಗೆ ಫೋನ್ ಮಾಡವ್ರೆ. ಬನ್ನಿ ಅಂದ್ರು ಅಷ್ಟೇ, ವಿಷ್ಯ ಹೇಳ್ಲಿಲ್ಲ. ಅದನ್ನ ನೀನೇ ಹೇಳು ಅಂತ ನನ್ ಕಡೆ ನೋಡಿದ್ರು.

ಸ್ಕೂಟರ್ ಬಂತು. ಸ್ಟ್ಯಾಂಡ್ ಹಾಕ್ತಾವ್ರೆ. ನಗ್ತಾ, ಏನೋ, ಸ್ಟೆಬಿಲೈಜರ್ ಕೈ ಕೊಡ್ತಾ ಅಂತಾವ್ರೆ. ಎದ್ದು ನಿಂತ್ಕೊಂಡೇ ಬರೀತಿದೀನಿ. ಮೊದಲ್ನೇ ಮಾತು ತಂತೀದೇ ಹೇಳ್ಬೇಕು, ಬೇರೆ ಎಲ್ಲಾದ್ದಕ್ಕೂ ಮುಂಚೆ —