ಜೇನುಕುಲದ ಜಟ್ಟಿಗೊಬ್ಬಳು ಚಿಕ್ಕವ್ವ

೧೪ ಜೂನ್, ಭಾನುವಾರ, ಕೊಳ್ಳೇಗಾಲ

ಮಾನ್ಯ ಸಭಿಕರೇ, ಉದ್ದ ಕಿವಿಯ ಎಲ್ಫ್‌ಗಳೇ, ಗಡ್ಡದ ಕುಳ್ಳರೇ, ಬೆಂಕಿಯುಗುಳುವ ಬಂಧುಗಳೇ, ಇಂದು ಸಂಜೆ ಆಟದಲ್ಲಿ ನನ್ನ ಪಾತ್ರವಾದ ಜಟ್ಟಿ ಸಾಯಬೇಕಿತ್ತು. ಸಾಯಲಿಲ್ಲ.

ಶೃತಿ ತನ್ನ ಮನೆಯಲ್ಲಿ ನಡೆಸುವ ದಾಳದ ಕಥೆಯಾಟದಲ್ಲಿ ಪಾತ್ರದ ಕುಲ, ಹಿನ್ನೆಲೆ ಎರಡನ್ನೂ ನಾವೇ ಕಟ್ಟಿಕೊಳ್ಳಬಹುದು. ಕಥೆಯನ್ನೂ ಎದುರಾಳಿಗಳನ್ನೂ ಅವಳು ನಡೆಸುತ್ತಾಳೆ, ಏಟು ತಾಗಿತೋ ತಪ್ಪಿತೋ ದಾಳ ಹೇಳುತ್ತದೆ. ಆಟದ ಪುಸ್ತಕದಲ್ಲಿದ್ದ ಎಲ್ಫ್, ಕುಳ್ಳರಂಥ ಕುಲಗಳು ನನಗೆ ಹಿಡಿಸಲಿಲ್ಲ. ಬೆನ್ನಿಗೆ ರೆಕ್ಕೆ, ಬಾಯಿಗೆ ಪ್ರಾಸ ಕೊಟ್ಟು ಜೇನುಕುಲವೊಂದನ್ನು ಮಾಡಿದೆ. ಹಿನ್ನೆಲೆಗೆ ಅನಾಥ ಎಂದು ಬರೆದೆ.

ಬೆಳ್ಳುಳ್ಳಿ ಬಿಡಿಸುತ್ತಿದ್ದ ಶೃತಿಯ ತಾಯಿ ಪುಟ್ಟಮಲ್ಲಮ್ಮ ಒಪ್ಪಲಿಲ್ಲ. "ಅಪ್ಪ ಅವ್ವ ಓಗ್ಲಿ, ಒಬ್ಳು ಚಿಕ್ಕವ್ವನೂ ಇಲ್ವಾ? ಬರ್ಕೊ ಕಣಪ್ಪ, ಅವಳ್ನ ರಾಕ್ಷಸ್ರ ಕೋಟೆಗೆ ಮದ್ವೆ ಮಾಡಿ ಕೊಟ್ಟವ್ರೆ."

ಬರೆದುಕೊಂಡೆ.

ಇಂದು ಅದೇ ಕೋಟೆಯ ಬಾಗಿಲಲ್ಲಿ ಕಾವಲಿನ ರಾಕ್ಷಸ ಜಟ್ಟಿಯನ್ನು ಹಿಡಿದ. ದಾಳ ಕೈಕೊಟ್ಟಿತು. ಇನ್ನೊಂದು ಏಟು ಬಿದ್ದರೆ ಜಟ್ಟಿಯೂ ಇಲ್ಲ, ಜೇನುಕುಲವೂ ಇಲ್ಲ. ಕತ್ತಿ ಎತ್ತುವ ಬದಲು ಕೇಳಿದೆ, "ಅಣ್ಣಾ, ನೀ ಯಾರ ಪೈಕಿ?"

ರಾಕ್ಷಸನ ಪರವಾಗಿ ಮಾತಾಡಬೇಕಾದ ಶೃತಿ ತಬ್ಬಿಬ್ಬಾದಳು. ಅಡುಗೆಮನೆಯಿಂದ ಅವಳ ತಾಯಿಯೇ ಉತ್ತರಿಸಿದರು, "ನಿಮ್ಮ ಚಿಕ್ಕವ್ವನ ಮೈದ್ನ ಕಣ್ಲಾ. ಒಳಕ್ ಬಾ, ಉಂಡ್ಕಂಡು ಓಗೀವಂತೆ."

"ಅವ್ವಾ, ಆಟ ನಡ್ಸೋಳು ನಾನು."

"ನಡ್ಸವ್ವ. ನೆಂಟನ್ನ ಮಾತ್ರ ಕೊಲ್ಬ್ಯಾಡ."

ಗುದ್ದಲು ಬಂದವನ ಕೈಯಲ್ಲಿ ಮುದ್ದೆ, ನಕ್ಕು ನಕ್ಕು ನನಗಿಲ್ಲ ನಿದ್ದೆ. ಆಟ ಮುಗಿಸಿ ಹೊರಡಲು ಎದ್ದರೆ ಪುಟ್ಟಮಲ್ಲಮ್ಮ ನನಗೂ ತಟ್ಟೆ ಹಾಕಿದ್ದರು.

ಸಭಿಕರೇ ಎಂದೆನಲ್ಲ, ಈ ದಿನಚರಿ ಓದಲು ಯಾರೂ ಇಲ್ಲ. ವರ್ಗವಾಗಿ ಬಂದ ಈ ಊರಲ್ಲಿ ನನಗೇ ನನ್ನವರೆನ್ನುವವರು ಇರಲಿಲ್ಲ, ಅದನ್ನೇ ಜಟ್ಟಿಗೂ ಬರೆದಿದ್ದೆ. ಉಣ್ಣುವಾಗ ಕಣ್ಣು ತುಂಬಿತು. ಸಾರು ಖಾರ ಎಂದು ಸುಳ್ಳು ಹೇಳಿದೆ.