ಮಲಗುವ ಹೊತ್ತಿಗೆ ಇಬ್ಬರು

ಮಾರ್ಚ್ 3, ಮಧ್ಯಾಹ್ನ 1.20

ಹತ್ತೊಂಬತ್ತು ಮಕ್ಕಳೂ ಮಲಗಿವೆ. ಇಲ್ಲ, ಹದಿನೆಂಟು. ಗುಬ್ಬಚ್ಚಿ ಇನ್ನೂ ಕಣ್ಣು ಪಿಳಿಪಿಳಿ ಬಿಡುತ್ತಿದ್ದಾಳೆ. ಶಿಶುವಿಹಾರ ಸೇರಿ ತಿಂಗಳಾಯಿತು, ತುಟಿ ಪಿಟ್ಟೆಂದಿಲ್ಲ. ನನ್ನ ಜೊತೆಯ ಅಕ್ಕ ಮಗ್ಗುಲಲ್ಲಿ ಕೂತು ತಟ್ಟಿದರೆ ಮಾತ್ರ ನಿದ್ದೆ. ಕಾಗದದ ಮೇಲೆ ಈ ಕೋಣೆಯ ಟೀಚರ್ ನಾನು, ಅಕ್ಕ ‘ಎರಡನೇ ಟೀಚರ್’. ನನಗೆ ಕೆಲಸ ಕಲಿಸಿದವಳೇ ಅವಳು!

ಟೀಚರ್‌ಗಳ ಸಂಘದಿಂದ ಫೋನ್. ಕೋಣೆಗೆ ಒಬ್ಬರೇ ಟೀಚರ್ ಸಾಕು ಅಂತ ಇಲಾಖೆಯ ಕಮಿಟಿಯವರ ಯೋಚನೆಯಂತೆ. ಮಧ್ಯಾಹ್ನ ಮಕ್ಕಳು ಮಲಗುತ್ತವೆ, ಇಬ್ಬರಿಗೆ ಏನು ಕೆಲಸ? ಹದಿನಾಲ್ಕನೇ ತಾರೀಕು ಸಂಘದ ಪರವಾಗಿ ನಾನು ಹೋಗಿ ಉತ್ತರ ಹೇಳಬೇಕಂತೆ. ನಾನು!

“ನೀನೇ ಹೋಗು ಅಕ್ಕ” ಅಂದೆ.

“ನಾನು ಹೋದ್ರೆ ಕೆಲಸ ಉಳಿಸ್ಕೊಳ್ಳೋಕೆ ಬಂದ್ಲು ಅಂತಾರೆ. ನೀನು ಹೋದ್ರೆ ಮಕ್ಕಳಿಗೋಸ್ಕರ ಅಂತಾರೆ.”

ಮಾರ್ಚ್ 9

ರಾತ್ರಿ ಮನೆಯಲ್ಲಿ ಇವರನ್ನು ಎದುರಿಗೆ ಕೂರಿಸಿ ಭಾಷಣದ ಪ್ರಾಕ್ಟೀಸ್. ಎರಡೇ ನಿಮಿಷಕ್ಕೆ ನಗು.

“ಏನ್ರೀ?”

“ಬಗ್ಗಿ ಬಗ್ಗಿ ಮಾತಾಡ್ತಿದೀಯ. ಕಮಿಟಿಯೋರು ಮೂರಡಿ ಇರಲ್ಲ ಕಣೇ.”

ಆರು ವರ್ಷದ ಅಭ್ಯಾಸ... ನೆಟ್ಟಗೆ ನಿಂತರೆ ಮಾತೇ ಹೊರಡದು.

ಮಾರ್ಚ್ 14, ಸಂಜೆ 4, ಬಸ್ಸಿನಲ್ಲಿ

ಉದ್ದ ಮೇಜು, ಒಂಬತ್ತು ಜನ. ನಾನು ಶುರು ಮಾಡಿದೆ, ಅವರೂ ಶುರು ಮಾಡಿದರು — ಒಬ್ಬರು ಫೋನಿನಲ್ಲಿ, ಇಬ್ಬರು ಗುಸುಗುಸು, ಇನ್ನೊಬ್ಬರು ಪೆನ್ನಿನಲ್ಲಿ ಟಕಟಕ. ಕಂಠಪಾಠ ಮಾಡಿದ್ದೆಲ್ಲ ನೀರಲ್ಲಿ ಹೋಮ. ಬಾಯಿಂದ ಬಂದದ್ದು —

“ಬಾಯ್ ಮೇಲೆ ಬೆರಳು!”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಅಧ್ಯಕ್ಷರ ಬೆರಳು ತುಟಿಯವರೆಗೆ ಹೋಗಿಯೇ ಬಿಟ್ಟಿತ್ತು! ಎಲ್ಲರೂ ಗಪ್‌ಚಿಪ್.

ಭಾಷಣ ಬಿಟ್ಟು ನಿನ್ನೆಯ ಮಧ್ಯಾಹ್ನದ ಕಥೆ ಹೇಳಿದೆ. ಒಬ್ಬನಿಗೆ ಮೂಗಿನಲ್ಲಿ ರಕ್ತ. ಅದೇ ಹೊತ್ತಿಗೆ ಒಬ್ಬಳು ಚಡ್ಡಿ ಒದ್ದೆ ಮಾಡಿಕೊಂಡು ನಾಚಿಕೆಯಿಂದ ಅಳು. ಅಕ್ಕ ಯಾರಿಗೂ ಗೊತ್ತಾಗದ ಹಾಗೆ ಟವೆಲ್ ಸುತ್ತಿ ಎತ್ತಿಕೊಂಡು ಹೋದದ್ದು.

“ಒಬ್ಬಳೇ ಇದ್ದಿದ್ರೆ ಯಾರನ್ನ ಬಿಡ್ಬೇಕಿತ್ತು? ನೀವೇ ಹೇಳಿ” ಅಂದೆ.

ಏಪ್ರಿಲ್ 2

ಆದೇಶ ಬಂತು. ಇಪ್ಪತ್ತು ಅಥವಾ ಹೆಚ್ಚು ಮಕ್ಕಳಿದ್ದರೆ ಇಬ್ಬರು, ಕಡಿಮೆ ಇದ್ದರೆ ಒಬ್ಬರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸಂಘದ ಮೇಡಂ ಫೋನಿನಲ್ಲಿ ಅಳುವುದೋ ನಗುವುದೋ — “ಮುನ್ನೂರು ಕೋಣೇಲಿ ಇಬ್ರೂ ಉಳಿದ್ರು ಕಣಮ್ಮ, ನಿನ್ನಿಂದ!”

ನಮ್ಮಲ್ಲಿ ಹತ್ತೊಂಬತ್ತು.

ಅಕ್ಕನಿಗೆ ಊರಾಚೆಯ ಶಾಲೆಗೆ ವರ್ಗ. ಮುಖ ನೋಡಲಾಗಲಿಲ್ಲ. ಅವಳೇ ನನ್ನ ಗದ್ದ ಹಿಡಿದು ಎತ್ತಿದಳು.

“ಗೆದ್ದು ಬಂದವಳು ಹೀಗೆ ಮೂತಿ ಊದಿಸ್ಕೋತಾಳಾ?”

“ನಿನ್ನನ್ನೇ ಉಳಿಸ್ಕೊಳ್ಳೋಕೆ ಆಗ್ಲಿಲ್ವಲ್ಲ ಅಕ್ಕ.”

“ಅಲ್ಲಿ ಇಪ್ಪತ್ತಾರು ಮಕ್ಕಳಂತೆ. ಎರಡು ವರ್ಷದಿಂದ ಟೀಚರ್ ಒಬ್ಬಳೇ ಒದ್ದಾಡ್ತಿದಾಳಂತೆ ಪಾಪ. ನಾನು ಹೋಗ್ಬಾರ್ದಾ?”

ಹೋಗಬೇಕು. ಗೊತ್ತು.

ಏಪ್ರಿಲ್ 11

ಅಕ್ಕನ ಕೊನೆಯ ದಿನ. ಗುಬ್ಬಚ್ಚಿಯ ಪಕ್ಕ ನನ್ನನ್ನು ಕೂರಿಸಿದಳು. ನನ್ನ ಕೈ ಮೇಲೆ ತನ್ನ ಕೈ ಇಟ್ಟು ತಟ್ಟಿಸಿದಳು. “ಜೋರಾಯ್ತು... ಹಾಂ, ಈಗ ಸರಿ.” ಗುಬ್ಬಚ್ಚಿಗೆ ಜೊಂಪು ಹತ್ತಿ ಎಷ್ಟೋ ಹೊತ್ತಾದರೂ ನಾವಿಬ್ಬರೂ ಕೈ ತೆಗೆಯಲಿಲ್ಲ. ಅವಳ ಕೈ ಬೆಚ್ಚಗಿತ್ತು.

ಏಪ್ರಿಲ್ 16, ಮಧ್ಯಾಹ್ನ 1.30

ಒಬ್ಬಳೇ. ಕಮಿಟಿಗೆ ಅರ್ಜಿ ಬರೆಯುವ ಹಠ. ಹಾಳೆ ತರಲು ಎದ್ದರೆ ಗುಬ್ಬಚ್ಚಿಗೆ ಎಚ್ಚರವಾಗುತ್ತದೆ, ಈ ಡೈರಿಯಲ್ಲೇ ಬರೆಯುತ್ತೇನೆ.

ಮಾನ್ಯರೇ, ನಾನು ಹತ್ತೊಂಬತ್ತು ಮಕ್ಕಳ ಕೋಣೆಯ ಟೀಚರ್. ಮಕ್ಕಳು ಮಲಗಿರುವಾಗಲೇ ಬರೆಯುತ್ತಿದ್ದೇನೆ. ಈಗ ಕಿಟಕಿಯ ಕೆಳಗೆ ಒಬ್ಬ ಬೆಚ್ಚಿಬಿದ್ದು ಎದ್ದು ಕೂತ. ಬಾಗಿಲ ಹತ್ತಿರ ಇನ್ನೊಬ್ಬಳು ಅಕ್ಕಾ ಅಕ್ಕಾ ಅಂತ ಅಳಲು ಶುರು ಮಾಡಿದಳು. ನಾನು ಮೊದಲು —