ಹತ್ತಲಾಗದವರ ಎಣಿಕೆ

ಕೆಂಪುಗುಡ್ಡ ಕ್ರಾಸ್, ಎಡದಂಡೆ ಸೀಮೆ
ಉರಿಮಾಸದ ಹತ್ತನೆಯ ದಿನ, 2163

ಹಿಂದಿನ ಕಾಲದ ಹಿರಿಯರಿಗೆ ಹುಲಿಗೆಮ್ಮಳ ನಮಸ್ಕಾರ.

ಉರಿಮಾಸ ನಿಮ್ಮ ಪಂಚಾಂಗದಲ್ಲಿ ಇಲ್ಲ. ಬೇಸಿಗೆ ಹಿಗ್ಗುತ್ತ ಹೋದಂತೆ ಮೇ, ಜೂನ್ ನಡುವೆ ನಮ್ಮ ಜನ ಇನ್ನೊಂದು ತಿಂಗಳನ್ನು ಕೂಡಿಸಿಕೊಂಡರು. ಇಂಥ ಶಬ್ದಗಳು ವಿಚಿತ್ರವಾಗಿ ಕಂಡರೆ ಮನ್ನಿಸಿ. ನನ್ನ ಸಿಟ್ಟಿಗೆ ಮಾತ್ರ ನಾನು ಕ್ಷಮೆ ಕೇಳುವುದಿಲ್ಲ.

ನಮ್ಮಲ್ಲಿ ಯಾರ ಮನೆಯಲ್ಲೂ ಸ್ವಂತ ಗಾಡಿ ಇಲ್ಲ. ಹೊತ್ತೇರಿದ ಮೇಲೆ ಬಯಲಲ್ಲಿ ನಡೆದರೆ ಜೀವಕ್ಕೇ ಅಪಾಯ. ಆದ್ದರಿಂದ ಪ್ರತಿ ಕ್ರಾಸಿನಲ್ಲೂ ನೆರಳುಗೂಡು ಎಂಬ ತಣ್ಣನೆಯ ಕೋಣೆ ಕಟ್ಟಿದ್ದಾರೆ. ಅಲ್ಲಿ ಕೂತು ಬಸ್ಸಿಗೆ ಕಾಯುತ್ತೇವೆ. ಬಿಸಿಲಿನ ಬಲದಲ್ಲೇ ಓಡುವ ಬಸ್ಸಿಗೆ ಡ್ರೈವರ್ ಇಲ್ಲ. ಜನರನ್ನು ಹತ್ತಿಸಿ ಇಳಿಸಲು ಜೊತೆಗಾರ ಎಂಬ ಒಬ್ಬನಿರುತ್ತಾನೆ. ಶಾಲೆ, ಸಂತೆ, ಆಸ್ಪತ್ರೆ ಎಲ್ಲಕ್ಕೂ ಅದೇ ಬಸ್ಸು.

ಯಾವ ಸೀಮೆಯ ಬಸ್ಸು ಚೆನ್ನಾಗಿ ಓಡುತ್ತದೆಂದು ಅಳೆದು ಹೋಲಿಸಲು ತೂಗುಮನೆ ಎಂಬ ಕಚೇರಿ ಇದೆ. ಓಡಿದ ಬಸ್ಸು ಹೊತ್ತಿಗೆ ಸರಿಯಾಗಿ ಊರು ಮುಟ್ಟಿತೇ ಎಂಬುದೊಂದೇ ಅದರ ತಕ್ಕಡಿ. ನಮ್ಮ ಸೀಮೆಯ ದೊಡ್ಡವರು ಇದರ ಗುಟ್ಟನ್ನು ಬೇಗ ಹಿಡಿದರು. ಹಳ್ಳಿಯ ಕ್ರಾಸಿನಲ್ಲಿ ನಿಂತರೆ ತಡ, ಆದ್ದರಿಂದ ನಿಲ್ಲಿಸಬಾರದು. ತಡವಾಗುವಂತಿದ್ದರೆ ಬಸ್ಸನ್ನೇ ಬಿಡಬಾರದು. ಹೊರಡದ ಬಸ್ಸು ತಡವಾಗಿ ಬಂದ ಉದಾಹರಣೆ ಎಲ್ಲಿದೆ?

ನನ್ನ ಪಕ್ಕದ ಮನೆಯ ಖಾಜಾಬಿ ಹಳೆ ಬಟ್ಟೆ ಜೋಡಿಸಿ ಕೌದಿ ಹೊಲಿಯುವವಳು. ಹೊಲಿಯುತ್ತ ಓಣಿಯವರನ್ನೆಲ್ಲ ಅಣಕಿಸಿ ನಗಿಸುವವಳು. ಅವಳ ಮೂತ್ರಪಿಂಡ ಕೈಕೊಟ್ಟಿತ್ತು. ವಾರಕ್ಕೆರಡು ಸಲ ಪಟ್ಟಣಕ್ಕೆ ಹೋಗಿ ರಕ್ತ ಶುದ್ಧ ಮಾಡಿಸಿಕೊಳ್ಳಬೇಕಿತ್ತು. ಹೋದ ವರ್ಷದ ಉರಿಮಾಸದಲ್ಲಿ ಅವಳ ಜೊತೆ ನಾನೂ ನೆರಳುಗೂಡಿನಲ್ಲಿ ಕೂತಿದ್ದೆ. ಬಸ್ಸು ಬಂತು, ಸ್ವಲ್ಪ ನಿಧಾನಿಸಿತು, ನಿಲ್ಲಲಿಲ್ಲ. ಜೊತೆಗಾರ ಅಂಬ್ರೇಶ ಕಿಟಕಿಯಿಂದ ಕೂಗಿದ.

"ಹಿಂದ ಬರೋ ಬಸ್ಸಿಗೆ ಬರ್ರಿ ಯಕ್ಕಾ. ತಡ ಆದ್ರ ನಮ್ಮ ಸೀಮಿ ಕೆಳಗ ಬೀಳತೈತಿ, ನನ್ನ ಕೈಯಾಗ ಏನೂ ಇಲ್ಲ."

ಖಾಜಾಬಿ ಊದಿದ ಕಾಲನ್ನು ಬೆಂಚಿನ ಮೇಲೆ ಚಾಚಿದಳು. "ಸೀಮಿ ಮ್ಯಾಲ ಇರಲೇಳು, ನಾನು ಕೆಳಗ ಹೋದ್ರೂ ಚಿಂತಿಲ್ಲ" ಅಂದಳು. ನನಗೆ ನಗು ಬರಲಿಲ್ಲ.

ಹಿಂದೆ ಬರಬೇಕಿದ್ದ ಬಸ್ಸು ಹೊರಟೇ ಇರಲಿಲ್ಲ. ರಕ್ತಶುದ್ಧಿಯ ಮುಂದಿನ ಸರದಿಗೂ ಹೀಗೇ ಆಯಿತು. ಅದರ ಮುಂದಿನ ಸರದಿಯ ಹೊತ್ತಿಗೆ ಅವಳಿಗೆ ಎದ್ದು ನೆರಳುಗೂಡಿನವರೆಗೆ ಬರುವ ಶಕ್ತಿಯೇ ಉಳಿದಿರಲಿಲ್ಲ. ಆಸ್ಪತ್ರೆಯ ಗಾಡಿ ಬರುವುದರೊಳಗೆ ಉಸಿರು ನಿಂತಿತು. ಅವಳನ್ನು ಮಣ್ಣು ಮಾಡಿ ಬಂದ ವಾರವೇ ಎಡದಂಡೆ ಸೀಮೆಗೆ ಮೊದಲ ಸ್ಥಾನವೆಂದು ಪಟ್ಟಣದಲ್ಲಿ ಪೇಡೆ ಹಂಚಿದರು.

ನಾನು ಆ ಸಭೆಗೆ ಹೋದೆ. ತೂಗುಮನೆಯ ಅಧಿಕಾರಿ ವಿಭಾವರಿಯವರು ಹಾರ ತೆಗೆದಿಟ್ಟು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಒಳ್ಳೆಯ ಮನುಷ್ಯರೇ ಇರಬೇಕು, ಕಣ್ಣು ಒದ್ದೆಯಾಗಿತ್ತು.

"ನಿಮ್ಮ ನೋವು ಅರ್ಥವಾಗುತ್ತೆ, ಅಮ್ಮ. ಆದರೆ ನಾವು ಪ್ರಯಾಣಿಕರನ್ನಷ್ಟೇ ಲೆಕ್ಕಕ್ಕೆ ತಗೋತೀವಿ. ಬಸ್ಸು ಹತ್ತದವರು ಪ್ರಯಾಣಿಕರಲ್ಲ."

"ಆಕಿ ಹತ್ತಲಿಲ್ಲ ಅಂತ ಅಲ್ಲರೀ, ನೀವು ಹತ್ತಾಕ ಬಿಡಲಿಲ್ಲ" ಅಂದೆ. ಅವರ ಪಕ್ಕದಲ್ಲಿದ್ದವನೊಬ್ಬ ನನ್ನ ಕೈಗೆ ಪೇಡೆ ಕೊಡಲು ಬಂದ. ಆ ಕ್ಷಣದ ಉರಿ ಇವತ್ತಿಗೂ ನನ್ನ ಎದೆಯಲ್ಲಿ ಆರಿಲ್ಲ.

ಮರುದಿನ ಬೆಳಗಿನ ತಂಪಿನಲ್ಲಿ ನಮ್ಮ ಊರಿನ ಹೆಂಗಸರೆಲ್ಲ ರಸ್ತೆಯ ಮೇಲೆ ಕೂತೆವು. ಎದುರಿಗೆ ಮನುಷ್ಯರಿದ್ದರೆ ಆ ಬಸ್ಸು ಮುಂದಕ್ಕೆ ಹೋಗದು. ಅದು ನಿಂತ ಮೇಲೆ ಎದ್ದು, ಒಬ್ಬೊಬ್ಬರಾಗಿ ಹತ್ತಿ, ಹೋಗಬೇಕಾದಲ್ಲಿಗೆ ಹೋದೆವು. ದಿನಾ ಹೀಗೇ ಮಾಡಿದೆವು. ಸುತ್ತಲಿನ ಕ್ರಾಸುಗಳಲ್ಲೂ ಜನ ಕೂರತೊಡಗಿದರು. ಅಂಬ್ರೇಶ ಒಮ್ಮೆ ಕೆಳಗಿಳಿದು ಬಂದು ನಮ್ಮ ಸಾಲಿನಲ್ಲೇ ಕೂತ. ಅವನ ಕೆಲಸ ಹೋಯಿತು, ಸೀಮೆ ಕಟ್ಟಕಡೆಗೆ ಬಿತ್ತು, ಪಟ್ಟಣದವರು ನಮ್ಮನ್ನು ಮರ್ಯಾದೆಗೇಡಿಗಳೆಂದು ಬೈದರು. ಮೊದಲ ಸ್ಥಾನದಲ್ಲಿದ್ದಾಗ ಇವರಲ್ಲಿ ಒಬ್ಬರೂ ಖಾಜಾಬಿಯ ಮನೆಗೆ ಬಂದು ಹೋಗಲಿಲ್ಲ.

ಕೊನೆಗೆ ತೂಗುಮನೆ ಮಣಿಯಿತು. ಹತ್ತಲಾಗದೆ ಉಳಿದವರನ್ನೂ, ಹೊರಡದ ಬಸ್ಸನ್ನೂ ಎಣಿಸಬೇಕೆಂದು ನಮ್ಮ ಸೀಮೆಗೆ ನಿಯಮ ಬಂತು. ಈಗ ಬಸ್ಸು ನಿಲ್ಲುತ್ತದೆ. ಆದರೆ ಬೇರೆ ಯಾವ ಸೀಮೆಯೂ ಹಾಗೆ ಎಣಿಸುವುದಿಲ್ಲ. ಆದ್ದರಿಂದ ಹೋಲಿಕೆಯಲ್ಲಿ ನಾವು ಮೇಲೇಳುವಂತಿಲ್ಲ. ನಿಜ ಹೇಳುವವರು ಕಡೆಯಲ್ಲಿ, ಮುಚ್ಚಿಡುವವರು ವೇದಿಕೆಯ ಮೇಲೆ. ಈ ನಾಚಿಕೆಯನ್ನು ತಾಳಲಾರದೆ ನಮ್ಮ ದೊಡ್ಡವರು ನಿಯಮವನ್ನೇ ರದ್ದು ಮಾಡಿಸಲು ಹೊರಟಿದ್ದಾರೆ. ನಾಳೆ ಪಟ್ಟಣದಲ್ಲಿ ಅದರ ವಿಚಾರಣೆ.

ನಿಮ್ಮ ಕಾಲದಲ್ಲಿ ಈ ಹೋಲಿಕೆ ಈಗಷ್ಟೇ ಶುರುವಾಗುತ್ತಿದೆ ಎಂದು ಕೇಳಿದ್ದೇನೆ. ಹೋಲಿಸಬೇಡಿ ಎನ್ನುವುದಿಲ್ಲ, ಅಳೆಯದಿದ್ದರೆ ನಮ್ಮಂಥವರ ಊರಿಗೆ ಬಸ್ಸೇ ಬರುತ್ತಿರಲಿಲ್ಲ. ಆದರೆ ಏನನ್ನು ಅಳೆಯಬೇಕೆಂದು ಕಚೇರಿಯಲ್ಲಿ ಕೂತು ತೀರ್ಮಾನಿಸಬೇಡಿ. ಮೊದಲು ಯಾವುದಾದರೂ ಸಣ್ಣ ಊರಿನ ಸ್ಟಾಪಿಗೆ ಹೋಗಿ, ಬಸ್ಸು ಹೋದ ಮೇಲೂ ಅಲ್ಲೇ ನಿಂತಿರುವವರನ್ನು ಮಾತಾಡಿಸಿ. ಅವರು ಎಲ್ಲಿಗೆ ಹೋಗಬೇಕಿತ್ತು, ಕೇಳಿ. ಇಷ್ಟು ಮಾಡಿ, ನಿಮ್ಮ ಕಾಲಿಗೆ ಬೀಳುತ್ತೇನೆ.

ವಿಚಾರಣೆಗೆ ನಸುಕಿನಲ್ಲೇ ಹೊರಡುತ್ತಿದ್ದೇವೆ. ನಾಳೆಯೊಂದು ದಿನ ಬಸ್ಸು ಬರುವುದಿಲ್ಲವೆಂದು ಈಗಷ್ಟೇ ಸುದ್ದಿ ಬಂತು. ನಡೆದೇ ಹೋಗುತ್ತೇವೆ.

ಹುಲಿಗೆಮ್ಮ